ಮಹಾನಿರ್ಣಯ ಮೀಮಾಂಸೆ: ಪ್ರಥಮಾಧ್ಯಾಯ

ಮನುಷ್ಯನು ತನ್ನ ಜೀವಿತದಲ್ಲಿ ಕೈಕೊಳ್ಳುವ ನಿರ್ಣಯಗಳು ಅಲ್ಪವೆಂದೂ ಮಹತ್ತೆಂದೂ ದ್ವಿವಿಧವಾಗಿವೆ. ಬದನೆಕಾಯಿಯನ್ನು ಆರಿಸುವುದು ಅಲ್ಪ. ಬಾಳಿನ ಜೊತೆಯನ್ನು ಆರಿಸುವುದು ಮಹತ್ತು. ಮೊದಲನೆಯದಕ್ಕೆ ಕಾಯನ್ನು ತಿರುಗಿಸಿ ನೋಡುವುದು, ತೊಟ್ಟನ್ನು ಪರೀಕ್ಷಿಸುವುದು, ಹುಳುಕಿನ ರಂಧ್ರವನ್ನು ಅನ್ವೇಷಿಸುವುದು, ಪಕ್ಕದ ಅಂಗಡಿಯ ಧಾರಣೆಯನ್ನು ವಿಚಾರಿಸಿಕೊಂಡು ಬರುವುದು, ಕೊನೆಗೆ ಕೊಸರು ಕೇಳುವುದು ಮುಂತಾದ ಅಂಗಗಳು ಸರ್ವತ್ರ ವಿಹಿತವಾಗಿರಲು, ಎರಡನೆಯದಕ್ಕೆ ಒಂದು ತಟ್ಟೆ ಉಪ್ಪಿಟ್ಟು, ಒಂದಿಷ್ಟು ಕೇಸರಿಬಾತು, ಒಂದು ಲೋಟ ಕಾಫಿ ಮುಗಿಯುವಷ್ಟು ಕಾಲವೇ ಯಥೇಷ್ಟವೆಂದು ನಮ್ಮ ಶಿಷ್ಟಾಚಾರವು ವಿಧಿಸಿರುವುದನ್ನು ಗಮನಿಸಿದರೆ, ವಿಚಾರದ ಅವಧಿಯು ವಿಷಯದ ಗೌರವಕ್ಕೆ ವಿಲೋಮಾನುಪಾತದಲ್ಲಿರುವುದೆಂಬ ಸೂತ್ರವು ಅನಾಯಾಸವಾಗಿ ಲಭಿಸುತ್ತದೆ. ಮುಂದೆ ಅದೇ ವಧುವಿಗೆ ಧಾರೆಯ ಸೀರೆಯನ್ನು ಕೊಳ್ಳುವಾಗ ಉಭಯಪಕ್ಷದ ಸ್ತ್ರೀಯರು ಅಂಗಡಿಯ ಜಮಖಾನದ ಮೇಲೆ ಪೂರ್ತಿ ಒಂದು ಮಧ್ಯಾಹ್ನವನ್ನು ವಿನಿಯೋಗಿಸುವುದು ಈ ಸೂತ್ರಕ್ಕೆ ಭಾಷ್ಯವೇ ಹೊರತು ಅಪವಾದವಲ್ಲ.

ಇಲ್ಲಿ ಪೂರ್ವಪಕ್ಷಿಗಳು ಎದ್ದುನಿಂತು, ಮಹಾವಿಷಯಗಳನ್ನು ಬುದ್ಧಿಪೂರ್ವಕವಾಗಿ ತೂಗಿಯೇ ನಿರ್ಣಯಿಸತಕ್ಕದ್ದೆಂದೂ, ಹಾಗೆ ತೂಗಿದ ಮಹನೀಯರು ಲೋಕದಲ್ಲುಂಟೆಂದೂ ವಾದಿಸುವರು. ಇವರ ಆದ್ಯಾಚಾರ್ಯನು ಬೆಂಜಮಿನ್ ಫ್ರಾಂಕ್ಲಿನ್. ಶೆಲ್ಬರ್ನ್ ಪ್ರಭುವಿನ ಆಶ್ರಯದಲ್ಲಿ ಉದ್ಯೋಗ ಹಿಡಿಯಲೋ ಬಿಡಲೋ ಎಂದು 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು ಕೇಳಲು, ಏನನ್ನು ನಿರ್ಣಯಿಸಬೇಕೆಂದು ತಾನು ಹೇಳಲಾರೆನೆಂದೂ ಹೇಗೆ ನಿರ್ಣಯಿಸಬೇಕೆಂಬುದನ್ನು ಬೇಕಾದರೆ ಹೇಳುವೆನೆಂದೂ ಫ್ರಾಂಕ್ಲಿನ್ ಉತ್ತರಿಸಿ (ಬುದ್ಧಿ ಹೇಳುವವರಲ್ಲಿ ಇಷ್ಟು ಜಾಣತನ ದುರ್ಲಭ), ಕಾಗದದ ನಡುವೆ ಗೆರೆಯೆಳೆದು, ಅನುಕೂಲಗಳನ್ನೂ ಪ್ರತಿಕೂಲಗಳನ್ನೂ ಮೂರು ನಾಲ್ಕು ದಿನ ಎದುರುಬದುರಾಗಿ ಬರೆಯುತ್ತ ಹೋಗಿ, ಸಮತೂಕದವನ್ನು ಎರಡೂ ಕಡೆ ಹೊಡೆದುಹಾಕಿ, ಮಿಕ್ಕುದನ್ನು ನೋಡಿಕೊಳ್ಳೆಂದು ಬೋಧಿಸಿದನು. ಈ ವಿದ್ಯೆಗೆ ಆತನು ಇಟ್ಟ ಹೆಸರು ನೈತಿಕ ಬೀಜಗಣಿತ. ಪ್ರೀಸ್ಟ್ಲಿಯು ಉದ್ಯೋಗಕ್ಕೆ ಸೇರಿದನು. ಆದರೆ ಇದೇ ಆಚಾರ್ಯನು 1723ರಲ್ಲಿ, ಹದಿನೇಳರ ಹರೆಯದಲ್ಲಿ, ಅಣ್ಣನ ಮುದ್ರಣಾಲಯವನ್ನೂ ಬಾಸ್ಟನ್ ನಗರವನ್ನೂ ಬಿಟ್ಟು ಪಲಾಯನ ಮಾಡುವಾಗ ಒಂದಿಷ್ಟು ಪುಸ್ತಕಗಳನ್ನು ಮಾರಿ ಕೈಗೆ ಕಾಸು ಮಾಡಿಕೊಂಡುದು ಆತನ ಆತ್ಮಕಥೆಯಲ್ಲಿ ಉಕ್ತವಾಗಿದೆಯೇ ವಿನಾ ಗೆರೆಯೆಳೆದ ಕಾಗದದ ಪ್ರಸ್ತಾಪವೇ ಇಲ್ಲ.

ಎರಡನೆಯ ಪ್ರಮಾಣಪುರುಷನು ಚಾರ್ಲ್ಸ್ ಡಾರ್ವಿನ್. ಈತನು 1838ರ ಜುಲೈಯಲ್ಲಿ ಮದುವೆಯಾಗುವುದು, ಆಗದಿರುವುದು ಎಂದು ಎರಡು ಅಂಕಣಗಳನ್ನು ಮಾಡಿ, ಒಂದರಲ್ಲಿ ಮಕ್ಕಳು, ಸಂಗೀತ, ಮುಪ್ಪಿನಲ್ಲಿ ಜೊತೆ, ಹೇಗೂ ನಾಯಿಗಿಂತ ಮೇಲಾದ ಒಡನಾಟವೆಂದೂ, ಮತ್ತೊಂದರಲ್ಲಿ ಕಾಲಹರಣ, ಪುಸ್ತಕಗಳಿಗೆ ಹಣ ಸಾಲದಿರುವುದು, ಬಂಧುಗಳ ಮನೆಗೆ ಹೋಗಲೇಬೇಕಾದ ನಿರ್ಬಂಧ ಎಂದೂ ಬರೆದು, ಬೆಲೂನಿನಲ್ಲಿ ಹಾರುವ ಯೋಗವೂ ತಪ್ಪುವುದಲ್ಲಾ ಎಂದು ಪರಿತಪಿಸಿ, ಕಟ್ಟಕಡೆಗೆ ರೇಖಾಗಣಿತದ ಪ್ರಮೇಯ ಸಾಧಿಸಿದವನಂತೆ ಮದುವೆಯೇ ಸಿದ್ಧವೆಂದು ಮುಗಿಸಿದನು. ಅಂಕಣಗಳಲ್ಲಿ ಯಾವ ಹೆಣ್ಣಿನ ಹೆಸರೂ ಇಲ್ಲ. ನವೆಂಬರಿನಲ್ಲಿ ಸ್ವಂತ ಸೋದರಮಾವನ ಮಗಳಾದ ಎಮ್ಮಳನ್ನು ಕೇಳಿ, 1839ರ ಜನವರಿ 29ರಂದು ಕೈಹಿಡಿದನು. ಸೋದರಮಾವನ ಮಗಳು ಇದ್ದೇ ಇರುವಾಗ ಇಷ್ಟು ಕಾಗದ ಕೆಡಿಸಿದ್ದೇತಕ್ಕೆಂದು ನಮ್ಮ ಅಜ್ಜಿಯರು ಕೇಳಿದರೆ ಪೂರ್ವಪಕ್ಷಿಗಳಲ್ಲಿ ಉತ್ತರವಿಲ್ಲ.

ಖಗೋಳಜ್ಞ ಕೆಪ್ಲರನ ಪ್ರಕರಣವು ಇನ್ನೂ ಸ್ವಾರಸ್ಯವಾದುದು. 1611ರಲ್ಲಿ ಪತ್ನೀವಿಯೋಗವಾದ ಮೇಲೆ ಹನ್ನೊಂದು ಸಂಬಂಧಗಳನ್ನು ವಿಚಾರಿಸಿ, 1613ರಲ್ಲಿ ಆತನು ವರಿಸಿದುದು ಐದನೆಯವಳನ್ನು. ಗ್ರಹಗಳು ದೀರ್ಘವೃತ್ತದಲ್ಲಿ ಸುತ್ತುವುವೆಂದು 1609ರಲ್ಲೇ ಲೋಕಕ್ಕೆ ಸಾರಿದವನು, ಐದನ್ನು ದಾಟಿ ಹನ್ನೊಂದನ್ನು ಮುಟ್ಟಿ ಮತ್ತೆ ಐದಕ್ಕೇ ಮರಳಿದ ತನ್ನ ಗತಿಗೆ ನಿಯಮವನ್ನು ರಚಿಸಲಿಲ್ಲ. ಆ ಲೋಪವನ್ನು ಅರ್ವಾಚೀನ ಗಣಿತಜ್ಞರು ತುಂಬಿದ್ದಾರೆ: ಬರತಕ್ಕವರಲ್ಲಿ ಮೊದಲ 37 ಪ್ರತಿಶತವನ್ನು ಸುಮ್ಮನೆ ನೋಡಿ ಬಿಟ್ಟು, ಆಮೇಲೆ ಅವರೆಲ್ಲರನ್ನೂ ಮೀರಿಸುವವರು ಬಂದೊಡನೆ ಹಿಡಿಯತಕ್ಕದ್ದು. ಹನ್ನೊಂದಕ್ಕೆ ಈ ಲೆಕ್ಕದಿಂದ ಬಿಡಬೇಕಾದುದು ನಾಲ್ಕು. ನಮ್ಮ ವಧೂಪರೀಕ್ಷೆಗೆ ಇದನ್ನು ಅನ್ವಯಿಸಿದರೆ ಮೊದಲ ನಾಲ್ಕು ಮನೆಗಳ ಉಪ್ಪಿಟ್ಟನ್ನು ಕೇವಲ ಅಭ್ಯಾಸಾರ್ಥವಾಗಿ ತಿಂದಂತಾಗುವುದರಿಂದ, ಧರ್ಮಸೂಕ್ಷ್ಮವನ್ನು ಬಲ್ಲವರು ಈ ಗಣಿತವನ್ನು ಒಪ್ಪಲಾರರು.

ನಮ್ಮ ಪದ್ಧತಿ ಇದಕ್ಕಿಂತ ಪರಿಷ್ಕೃತವಾದುದು. ವರ್ಣಕ್ಕೆ ಒಂದು, ವಶ್ಯಕ್ಕೆ ಎರಡು, ತಾರೆಗೆ ಮೂರು, ಹೀಗೆ ಏರುತ್ತ ನಾಡಿಗೆ ಎಂಟಾಗಿ, ಒಟ್ಟು 36 ಗುಣಗಳ ಅಷ್ಟಕೂಟದಲ್ಲಿ 18 ಬಂದರೆ ಉತ್ತೀರ್ಣ. ಜೋಯಿಸರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಡಗೈ ತೋರುಬೆರಳನ್ನು ಪಂಚಾಂಗದ ಸಾಲಿಗೊತ್ತಿ, ಬಲಗೈ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣುಗಳನ್ನು ಎಣಿಸುತ್ತಿರುವಾಗ ಮನೆಯ ಯಜಮಾನರು, “ಹುಡುಗನಿಗೂ ಒಪ್ಪಿಗೆಯಾಗಿದೆ ಜೋಯಿಸರೇ, ಮನೆತನವೂ ಚೆನ್ನಾಗಿದೆ” ಎಂದು ಮೆಲ್ಲನೆ ಉಸುರುವರು. “ಹದಿನಾರೂವರೆ ಬರುತ್ತೆ...” ಎಂದು ಜೋಯಿಸರು ತಡೆದು, ಪುಟ ಮಗುಚಿ, “ಇರಿ, ರಾಶ್ಯಧಿಪತಿಗಳಿಗೆ ಮೈತ್ರಿ ಇದೆ. ದೋಷಕ್ಕೆ ಪರಿಹಾರವುಂಟು. ಧಾರಾಳವಾಗಿ ಮಾಡಬಹುದು” ಎನ್ನುವರು. ಇಪ್ಪತ್ತೆಂಟು ಗುಣಗಳು ಬಂದೂ ಮನಸ್ಸಿಗೆ ಬಾರದ ಸಂಬಂಧಕ್ಕಾದರೆ, “ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಎದ್ದು, ಎಂಟು ದಿನಗಳ ಮೇಲೆ “ಜಾತಕ ಕೂಡಿಬರಲಿಲ್ಲ” ಎಂಬ ಒಂದು ಸಾಲಿನ ಕಾರ್ಡನ್ನು ಹಾಕುವುದು ರೂಢಿ. ಯಾರ ಮನಸ್ಸನ್ನೂ ನೋಯಿಸದೆ ಆಕಾಶದ ಮೇಲೆ ಹೊಣೆ ಹೊರಿಸುವ ಈ ನಾಗರಿಕತೆ ಫ್ರಾಂಕ್ಲಿನ್ನನ ಎರಡು ಅಂಕಣಗಳಲ್ಲಿ ಎಲ್ಲಿಯದು?

ಆದುದರಿಂದ ಸಿದ್ಧಾಂತವೇನೆಂದರೆ, ನಿರ್ಣಯವು ಪೂರ್ವಭಾವಿ, ವಿಚಾರವು ಪಶ್ಚಾದ್ಭಾವಿ. ದೇವರಲ್ಲಿ ಹೂ ಕೇಳುವವರು, ಬಲಗಡೆ ಬಿದ್ದರೆ ತಕ್ಷಣ ಕೈಮುಗಿದು ಏಳುವುದೂ, ಎಡಗಡೆ ಬಿದ್ದರೆ ಸಂಕಲ್ಪ ಸರಿಯಾಗಲಿಲ್ಲವೆಂದು ಇನ್ನೊಮ್ಮೆ ಕೇಳುವುದೂ ಇದಕ್ಕೆ ಪ್ರತ್ಯಕ್ಷ ಪ್ರಮಾಣ. ಪ್ರೇಯಸ್ಸನ್ನು ಬಿಟ್ಟು ಶ್ರೇಯಸ್ಸನ್ನೇ ಆರಿಸಿಕೊಂಡ ನಚಿಕೇತನಿದ್ದಾನಲ್ಲಾ ಎಂದರೆ, ಆ ಬಾಲಕನು ಯಮನ ಮನೆಯಲ್ಲಿ ಮೂರು ರಾತ್ರಿ ನಿರಾಹಾರನಾಗಿ ಕಾದಿದ್ದನೆಂಬುದನ್ನು ಮರೆಯಲಾಗದು. ಹೋದೊಡನೆ ಉಪ್ಪಿಟ್ಟು ಬಂದಿದ್ದರೆ ಉಪನಿಷತ್ತಿನ ಗತಿ ಏನಾಗುತ್ತಿತ್ತೋ ಹೇಳಬರುವಂತಿಲ್ಲ.

ಒಂದೇ ಒಂದು ಅಪವಾದವು ಶಾಸ್ತ್ರಕಾರನನ್ನು ಬಾಧಿಸುತ್ತದೆ: ಮದುವೆಯೇ ಬೇಡವೆಂದು ನಿಶ್ಚಯಿಸಿದವನು. ಮದುವೆಯಾದವನನ್ನು ಏಕಾದೆಯೆಂದು ಯಾರೂ ಕೇಳರು. ಈತನನ್ನಾದರೋ ಪ್ರತಿಯೊಂದು ಮದುವೆಯ ಊಟದ ಪಂಕ್ತಿಯಲ್ಲೂ, ಎಲೆಯ ತುದಿಗೆ ಉಪ್ಪು ಬೀಳುವಷ್ಟರಲ್ಲಿ ಆರಂಭಿಸಿ ಮಜ್ಜಿಗೆ ಬರುವವರೆಗೆ, ಎಡಬಲಗಳಲ್ಲಿ ಕುಳಿತವರು ಕಾರಣ ಕೇಳುತ್ತಲೇ ಇರುವುದರಿಂದ, ಸಮಗ್ರವಾದ ಎರಡು ಅಂಕಣಗಳನ್ನು ನಮ್ಮ ನಾಡಿನಲ್ಲಿ ಕಂಠಸ್ಥ ಮಾಡಿಕೊಂಡಿರುವವನು ಇವನೊಬ್ಬನೇ. ಪುಸ್ತಕಕ್ಕೆ ಹಣ ಸಾಲದೆಂಬ ಡಾರ್ವಿನ್ನನ ಹೇತುವನ್ನು ಹೇಳಿದರೆ ಲೈಬ್ರರಿಯಿದೆಯಲ್ಲಾ ಎಂದಾರು, ಬಂಧುಗಳ ಮನೆಗೆ ಹೋಗುವ ನಿರ್ಬಂಧವನ್ನು ಬಂಧುಗಳ ನಡುವೆಯೇ ಕುಳಿತು ಹೇಳುವಂತಿಲ್ಲ, ಉಳಿದುದು ಬೆಲೂನು. ಅದನ್ನು ಪಾಯಸ ಬಡಿಸುವ ಮುನ್ನ ಎತ್ತಬೇಕೋ ಆಮೇಲೆ ಎತ್ತಬೇಕೋ ಎಂಬುದನ್ನು ದ್ವಿತೀಯಾಧ್ಯಾಯದಲ್ಲಿ ವಿಚಾರಿಸಲಾಗುವುದು.