ತಾಪವೈದ್ಯ ಮಹಾಶಯನು

ಸಾಮಾನ್ಯ ಮನುಷ್ಯರು ಪರಸ್ಪರ ಸಂಧಿಸಿದಾಗ ದೇಹಾರೋಗ್ಯವನ್ನೂ ಮನೆಮಂದಿಯ ಯೋಗಕ್ಷೇಮವನ್ನೂ ವಿಚಾರಿಸುವುದು ಶಿಷ್ಟಾಚಾರ. ಆದರೆ ಬೆಂಗಳೂರಿನ ಪಿ.ಜಿ.ಗಳಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿಯೂ ಹೇರಳವಾಗಿ ಕಾಣಸಿಗುವ, ಗೊಂಚಲಿನಲ್ಲಿ ಬೀಗದ ಕೈಗಳಿಗಿಂತ ಸ್ಕ್ರೂಡ್ರೈವರುಗಳೇ ಅಧಿಕವಾಗಿರುವ ಈ ತರುಣ ಮಹಾಶಯನು ನಿಮ್ಮನ್ನು ಕಂಡೊಡನೆ ಕೇಳುವ ಪ್ರಥಮ ಪ್ರಶ್ನೆಯೆಂದರೆ, "ಟೆಂಪ್ ಎಷ್ಟು ಬರ್ತಿದೆ ಸಾರ್?" ಎಂಬುದು. ನಿಮ್ಮ ಮೈ ಸುಡುತ್ತಿರುವುದನ್ನು ಆತನು ಗಮನಿಸಿದನೆಂದು ಭ್ರಮಿಸಬೇಡಿ. ನಿಮಗೆ 103 ಡಿಗ್ರಿ ಜ್ವರವಿದ್ದರೂ ಅದು ಆತನಿಗೆ ಗೌಣ, ಅದು ಫ್ಯಾರನ್‌ಹೀಟ್. ಆತನ ವ್ಯವಹಾರವೆಲ್ಲವೂ ಸೆಲ್ಸಿಯಸ್ಸಿನಲ್ಲಿ, ಅದೂ ತೊಂಬತ್ತರಿಂದ ಮೇಲಕ್ಕೆ.

ಗೇಮಿಂಗ್ ಲ್ಯಾಪ್‌ಟಾಪು ಈತನ ಕರ್ಮಕ್ಷೇತ್ರ. 45 ವ್ಯಾಟಿನ ಪ್ರೊಸೆಸರನ್ನೂ ಅದಕ್ಕಿಂತ ಹಸಿವು ಹೆಚ್ಚಿದ ಗ್ರಾಫಿಕ್ಸ್ ಚಿಪ್ಪನ್ನೂ ಎರಡು ಬೆರಳು ದಪ್ಪದ ಪೆಟ್ಟಿಗೆಯೊಳಗೆ ಸಂಸಾರಕ್ಕೆ ಬಿಟ್ಟು, ಅನೇಕ ವೇಳೆ ಎರಡಕ್ಕೂ ಒಂದೇ ತಾಮ್ರದ ಕೊಳವೆಯನ್ನು ಹಂಚಿಕೊಟ್ಟಮೇಲೆ, ತಾಪೋತ್ಪತ್ತಿಗೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. 2018ರಲ್ಲಿ ಬಂದು ಹುಡುಗರ ಮನಸ್ಸನ್ನು ಸೂರೆಗೊಂಡ ಐ7-8750ಎಚ್ ಎಂಬ ಆರು ಕೋರುಗಳ ಪ್ರೊಸೆಸರು ಕಾಗದದ ಮೇಲೆ 4.1 ಗಿಗಾಹರ್ಟ್ಸ್ ವೇಗದ್ದು. ನೂರು ಡಿಗ್ರಿ ಅದರ ಲಕ್ಷ್ಮಣರೇಖೆ. ಆ ರೇಖೆಯನ್ನು ಸಮೀಪಿಸಿದೊಡನೆ ಅದು ಪ್ರಾಣರಕ್ಷಣಾರ್ಥವಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಇದೇ ಥ್ರಾಟ್ಲಿಂಗ್. ಶತ್ರುವಿನ ಮೇಲೆ ಗುರಿಯಿಟ್ಟು ಗುಂಡು ಹಾರಿಸುವ ಕ್ಷಣದಲ್ಲಿಯೇ ಚಿತ್ರವು ತಡವರಿಸಿ, ನಿಮ್ಮ ಯೋಧನು ನಿಂತಲ್ಲಿಯೇ ವೀರಸ್ವರ್ಗವನ್ನು ಸೇರುವನು. ಲ್ಯಾಪ್‌ಟಾಪಿನ ಒಡೆಯನಿಗೆ ಇದು ಶೋಕ. ನಮ್ಮ ತಾಪವೈದ್ಯನಿಗೆ ಆಮಂತ್ರಣ.

ಬಂದವನು ಆಟವನ್ನು ತೆರೆಯುವುದೇ ಇಲ್ಲ. ಎಚ್‌ಡಬ್ಲ್ಯೂಇನ್ಫೊ ಎಂಬ ತಂತ್ರಾಂಶವನ್ನು ತೆರೆದು, ಅಂಕಿಗಳ ಸಾಲುಗಳು ಪರದೆಯನ್ನು ತುಂಬಿದಮೇಲೆ, ಸಿನೆಬೆಂಚ್ ಎಂಬ ಪರೀಕ್ಷೆಯನ್ನು ಓಡಲು ಬಿಟ್ಟು, ಕೈಕಟ್ಟಿ ಕುಳಿತುಬಿಡುವನು. ಎಂಬತ್ತೆಂಟು, ತೊಂಬತ್ತಮೂರು, ತೊಂಬತ್ತೇಳು ಎಂದು ಅಂಕಿ ಏರಿದಂತೆಲ್ಲ ಒಡೆಯನ ಮುಖ ಬಾಡುವುದು, ವೈದ್ಯನ ಮುಖ ಅರಳುವುದು, ಥರ್ಮಲ್ ಥ್ರಾಟ್ಲಿಂಗಿನ ಎದುರಿಗೆ 'ಯೆಸ್' ಎಂಬ ಕೆಂಪಕ್ಷರವು ಉದಯಿಸಿದಾಗಲಂತೂ, "ನಾನು ಹೇಳ್ಲಿಲ್ವಾ!" ಎಂದು ಆತನು ಸುತ್ತಲಿದ್ದವರೆಲ್ಲರನ್ನೂ ಕೃತಾರ್ಥದೃಷ್ಟಿಯಿಂದ ನೋಡುವನು. ದೂರವಾಣಿಯ ಮೂಲಕವೂ ಈತನ ಚಿಕಿತ್ಸೆ ನಡೆಯುವುದುಂಟು. ಮೇ ತಿಂಗಳ ನಡುಹಗಲಿನಲ್ಲಿ ರಾಯಚೂರಿನಿಂದ ಕರೆಮಾಡಿದ ಬಂಧುವೊಬ್ಬನನ್ನು "ಅಲ್ಲಿ ಆಂಬಿಯೆಂಟ್ ಎಷ್ಟಿದೆ?" ಎಂದು ಕೇಳಿ, ಆತನು "ಹೊರಗೆ ನಲವತ್ತೆರಡು" ಎಂದೊಡನೆ, "ಹಾಗಾದರೆ ಮಳೆ ಬರಲಿ, ಆಮೇಲೆ ಮಾತಾಡೋಣ" ಎಂದು ಈತನು ಫೋನಿಟ್ಟದ್ದನ್ನು ನಾನು ಸ್ವತಃ ಕೇಳಿದ್ದೇನೆ.

ಶಸ್ತ್ರಚಿಕಿತ್ಸೆಯ ದಿವಸ ಆತನನ್ನು ನೋಡಬೇಕು. ಊಟದ ಮೇಜಿನ ಮೇಲೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಬಿಚ್ಚಿದ ಸ್ಕ್ರೂಗಳನ್ನು ಅವು ಇದ್ದ ಕ್ರಮದಲ್ಲಿಯೇ ಕಾಗದದ ಮೇಲೆ ಜೋಡಿಸಿ, ರಬ್ಬರು ಪಾದದ ಅಡಿಯಲ್ಲಿ ತಯಾರಕರು ಕುಚೇಷ್ಟೆಯಿಂದ ಬಚ್ಚಿಟ್ಟ ಕಟ್ಟಕಡೆಯದನ್ನು ಬೆರಳ ತುದಿಯಿಂದಲೇ ಪತ್ತೆಹಚ್ಚಿ, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚನ್ನು ಸಂದಿನಲ್ಲಿ ತೂರಿಸಿ ಮೀಟುವಾಗ ಹೊರಡುವ ಟಕಟಕ ಶಬ್ದಕ್ಕೆ ಒಡೆಯನ ಎದೆ ನಡುಗುತ್ತಿದ್ದರೂ, ಆತನು ಮಾತ್ರ ನಿರ್ವಿಕಾರಚಿತ್ತನಾಗಿ, "ಅದು ಕ್ಲಿಪ್ಪು ಸಾರ್, ಬರೋದೇ ಹಾಗೆ" ಎನ್ನುವನು. ಬ್ಯಾಟರಿಯ ಸಂಪರ್ಕವನ್ನು ಮೊದಲು ಕಳಚುವನು. ಈ ವಿಷಯದಲ್ಲಿ ಆತನ ಶಿಸ್ತು ಶ್ಲಾಘನೀಯವೇ. ಫ್ಯಾನನ್ನು ಎತ್ತಿದರೆ, ಅದರ ಬಾಯಿಗೂ ಗಾಳಿ ಹೊರಹೋಗಬೇಕಾದ ಲೋಹದ ರೆಕ್ಕೆಗಳಿಗೂ ನಡುವೆ ಬೂದುಬಣ್ಣದ ಧೂಳು ಕಂಬಳಿಯ ತುಂಡಿನಂತೆ ದಟ್ಟವಾಗಿ ಕೂತಿರುತ್ತದೆ. ಅದನ್ನು ಚಿಮುಟದಿಂದ ಹರಿಯದಂತೆ ಎತ್ತಿ, ಬೆಳಕಿಗೆ ಹಿಡಿದು, "ಇದು ಹಾಸಿಗೆ ಹತ್ತಿ, ಇದು ನಿಮ್ಮ ಬೆಕ್ಕು, ಇದು ಔಟರ್ ರಿಂಗ್ ರೋಡು" ಎಂದು ವಿಂಗಡಿಸಿ ಹೇಳುವನು.

ಅನಂತರ, ಚಿಪ್ಪಿನ ಶಾಖವನ್ನು ಅದರ ಮೇಲಿನ ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟಿನ ಪ್ರಕರಣ. ಬಿರುಕುಬಿಟ್ಟು ಒಣಗಿದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಚ್ಚಬೇಕೆಂಬಲ್ಲಿಗೆ ಎಲ್ಲ ತಾಪವೈದ್ಯರೂ ಏಕಮತದವರು. ಹಚ್ಚುವ ವಿಧಾನದಲ್ಲಿ ಮಾತ್ರ, ಬಟಾಣಿ ಕಾಳಿನಷ್ಟು ಒಂದೇ ಬಿಂದುವೆನ್ನುವವರು, ಉದ್ದನೆಯ ಗೆರೆಯೆನ್ನುವವರು, ಗುಣಾಕಾರ ಚಿಹ್ನೆಯೆನ್ನುವವರು ಎಂದು ಮತತ್ರಯಗಳಾಗಿವೆ. ಹೀಟ್‌ಸಿಂಕಿನ ಒತ್ತಡದ ಅಡಿಯಲ್ಲಿ ಮೂರೂ ಕಡೆಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಹರಡಿಕೊಳ್ಳುವುವೆಂದು ಹೇಳಿದ ತಪ್ಪಿಗೆ ಮೂರು ಮತದವರೂ ನನ್ನೊಡನೆ ಮಾತು ಬಿಟ್ಟಿದ್ದಾರೆ. ಗ್ಯಾಲಿಯಂ ಬೆರೆತ ದ್ರವಲೋಹವನ್ನೇ ಹಚ್ಚುವ ಉಗ್ರಪಂಥದವರೂ ಇದ್ದಾರೆ. ಅದು ಅಲ್ಯೂಮಿನಿಯಮ್ಮನ್ನು ತಿಂದುಹಾಕುವುದು, ಒಂದು ಹನಿ ಅತ್ತಿತ್ತ ಜಾರಿದರೆ ಮದರ್‌ಬೋರ್ಡು ಶಾಶ್ವತವಾಗಿ ತಣ್ಣಗಾಗುವುದು.

ಆತನಿಗೂ ಒಂದು ಮನೋವ್ಯಥೆಯುಂಟು. ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಿಂದ ಪ್ರೊಸೆಸರಿನ ವೋಲ್ಟೇಜನ್ನು ನೂರು ಮಿಲಿವೋಲ್ಟಿನಷ್ಟು ಇಳಿಸಿ, ವೇಗವು ಕುಂದದಂತೆ ಶಾಖವನ್ನು ಮಾತ್ರ ತಗ್ಗಿಸುವ ವಿದ್ಯೆ ಆತನಿಗೆ ಕರಗತವಾಗಿತ್ತು. 2019ರ ಡಿಸೆಂಬರಿನಲ್ಲಿ, ಇದೇ ವೋಲ್ಟೇಜ್ ಇಳಿಕೆಯನ್ನು ದುರುಪಯೋಗಿಸುವ ಪ್ಲಂಡರ್‌ವೋಲ್ಟ್ ಎಂಬ ಭದ್ರತಾದೋಷವು ಬೆಳಕಿಗೆ ಬಂದಮೇಲೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಬಯಾಸ್ ಅಪ್‌ಡೇಟಿನ ಮೂಲಕ ಆ ಬಾಗಿಲು ಮುಚ್ಚಿತು. "ಬಯಾಸ್ ಅಪ್‌ಡೇಟ್ ಮಾಡಿಬಿಟ್ರಾ?" ಎಂದು ಆತನು ಈಗಲೂ ಕೇಳುವ ಧ್ವನಿಯಲ್ಲಿ, ಆಸ್ತಿಪತ್ರಕ್ಕೆ ಓದದೆ ರುಜು ಹಾಕಿದವನನ್ನು ಕಂಡ ವಕೀಲರ ವಿಷಾದವಿದೆ.

ಇಷ್ಟೆಲ್ಲ ಆದಮೇಲೆ ತೊಂಬತ್ತೇಳು ಇದ್ದದ್ದು ಎಂಬತ್ತನಾಲ್ಕಕ್ಕೆ ಇಳಿಯುವುದು ನಿಜ. ಅದರಲ್ಲಿ ಸಿಂಹಪಾಲು ಆ ಧೂಳನ್ನು ತೆಗೆದುದರದ್ದೆಂದೂ, ಲ್ಯಾಪ್‌ಟಾಪನ್ನು ಹಾಸಿಗೆಯಿಂದ ಎತ್ತಿ ಮೇಜಿನ ಮೇಲಿಟ್ಟಿದ್ದರೆ ಆ ಧೂಳೇ ಅಷ್ಟು ಕೂರುತ್ತಿರಲಿಲ್ಲವೆಂದೂ ನನ್ನ ಅಭಿಮತ. ವಿಂಡೋಸಿನ ಪವರ್ ಆಪ್ಷನ್ನಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿ 100 ಎಂದಿರುವಲ್ಲಿ 99 ಎಂದು ಬರೆದರೆ, ಸಾಮಾನ್ಯವಾಗಿ ಟರ್ಬೊ ಎಂಬ ಹೆಚ್ಚುವರಿ ವೇಗ ನಿಂತು, ಆ 8750ಎಚ್ ಪ್ರೊಸೆಸರು ತನ್ನ 2.2 ಗಿಗಾಹರ್ಟ್ಸಿನ ಮೂಲವೇಗದಲ್ಲಿಯೇ ಸಮಾಧಾನದಿಂದ ನಡೆಯುವುದು. ಹಲವು ಆಟಗಳಿಗೆ ಅಷ್ಟೇ ಧಾರಾಳವಾಗಿ ಸಾಲುವುದು. ಇದು ಆತನಿಗೆ ತಿಳಿಯದ ವಿಷಯವಲ್ಲ. ಆದರೆ ಸ್ಕ್ರೂ ಬಿಚ್ಚದೆ ಗುಣವಾದ ರೋಗವನ್ನು ಆತನು ರೋಗವೆಂದೇ ಒಪ್ಪುವುದಿಲ್ಲ. ತಣ್ಣಗಾದ ಯಂತ್ರವನ್ನು ಮುಂದಿಟ್ಟು, "ಇನ್ನು ಒಂದು ಆಟ ಆಡಪ್ಪ" ಎಂದರೆ, "ಆಡೋಕೆ ಟೈಮೆಲ್ಲಿದೆ ಸಾರ್?" ಎಂದು ಮೇಲೇಳುವನು, ಪಕ್ಕದ ಕೋಣೆಯಿಂದ ಫ್ಯಾನಿನ ಭೋರ್ಗರೆತ ಆಗಲೇ ಆತನ ಕಿವಿಗೆ ಬಿದ್ದಿರುತ್ತದೆ.

ಆತನು ಶುಲ್ಕವನ್ನು ಕೇಳುವವನಲ್ಲ, ಎಸ್.ಪಿ. ರಸ್ತೆಯಿಂದ ತಂದ ಪೇಸ್ಟಿನ ಹಣವನ್ನು ಕೊಡಹೋದರೂ ಸಂಕೋಚಪಡುವನು. ಆದುದರಿಂದ, ವಾಚಕರೇ, ಆತನು ನಿಮ್ಮ ಮನೆಗೆ ದಯಮಾಡಿಸಿದರೆ ಒಳ್ಳೆಯ ಕಾಫಿ ಕೊಟ್ಟು ಉಪಚರಿಸಿ. ಬೀಳ್ಕೊಡುವ ಮುನ್ನ ವೃತ್ತಪತ್ರಿಕೆಯ ಮೇಲೆ ಸ್ಕ್ರೂ ಯಾವುದಾದರೂ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.