ಧಾನ್ಯವರ್ಜಿತ ಗೃಹಸ್ಥಾಶ್ರಮ: ಒಂದು ಪೂರ್ವಸಿದ್ಧತಾ ಮೀಮಾಂಸೆ

ಅಮೆರಿಕದಲ್ಲಿ 2009ರಲ್ಲಿ ಹುಟ್ಟಿದ 'ಹೋಲ್ 30' ಎಂಬ ಆಹಾರವ್ರತವನ್ನು ಬೆಂಗಳೂರು ದಂಡುಪ್ರದೇಶದ ಮತ್ತು ಅದರ ಪೂರ್ವದಿಕ್ಕಿನ ಮಕ್ಕಳೊಂದಿಗರು ಕೈಗೊಳ್ಳುವ ಮುನ್ನಿನ ಪೂರ್ವಸಿದ್ಧತಾ ಪ್ರಕ್ರಿಯೆಯ ತಾತ್ವಿಕ ನೆಲೆಗಳನ್ನು ಬಹುಆಯಾಮಗಳ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. (ಸೆಮಿನಾರಿನಲ್ಲಿ ಇಷ್ಟು ಓದುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.) ವ್ರತದ ಮೂಲ ನಿಯಮ ಸರಳ: 30 ದಿನ ಧಾನ್ಯ, ಬೇಳೆಕಾಳು, ಹಾಲುಮೊಸರು, ಸಕ್ಕರೆಬೆಲ್ಲ, ಮದ್ಯ ಯಾವುದೂ ಇಲ್ಲ. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ತುಪ್ಪ ನಡೆಯುತ್ತದೆ. ನಡುವೆ ಒಂದು ತುತ್ತು ತಪ್ಪಿದರೆ ಮತ್ತೆ ಮೊದಲ ದಿನದಿಂದ ಶುರು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿ, ರಾಗಿಗಳ ವ್ಯಾಜ್ಯ ತೀರಿಸಲು ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಕೆಡದೆ ಉಳಿದ ರಾಗಿ ಗೆದ್ದಿತು. ಹೊಸ ನ್ಯಾಯಪೀಠ ವಾದ ಕೇಳುವ ಗೋಜಿಗೇ ಹೋಗದೆ ವಾದಿ, ಪ್ರತಿವಾದಿ ಇಬ್ಬರನ್ನೂ ಗಡಿಪಾರು ಮಾಡಿದೆ. 2023ನ್ನು ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಸಾರಿದ್ದೂ ಇಲ್ಲಿ ಲೆಕ್ಕಕ್ಕಿಲ್ಲ. ನವಣೆ, ಸಾಮೆಗಳೂ ಧಾನ್ಯವೇ, ಹೊರಗೆ.

ಸೂಕ್ಷ್ಮ ಅಧ್ಯಯನಕ್ಕೆ ಒಗ್ಗರಣೆ ಸೌಟನ್ನು ಆಕರವಾಗಿ ತೆಗೆದುಕೊಳ್ಳೋಣ. ಎಣ್ಣೆ ಕಾದ ಮೇಲೆ ಬೀಳುವ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಗ್ರಾಹ್ಯ. ಜೊತೆಗೆ ಬೀಳುವ ಅರ್ಧ ಚಮಚ ಉದ್ದಿನಬೇಳೆ ನಿಷಿದ್ಧ. ಇಂಗು ಇನ್ನೂ ಕಪಟಿ: ಅಂಗಡಿಯ ಪುಡಿ ಇಂಗಿನ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದರೆ ಅಲ್ಲಿ ಗೋಧಿಹಿಟ್ಟೋ ಅಕ್ಕಿಹಿಟ್ಟೋ ಕೂತಿರುವುದೇ ಹೆಚ್ಚು. ಹುರುಳಿಕಾಯಿ ಕಾಯಾಗಿರುವವರೆಗೆ ಶುದ್ಧ, ಬಲಿತು ಕಾಳಾದ ಕ್ಷಣ ತ್ಯಾಜ್ಯ. ಸಂಕ್ರಾಂತಿಯ ಆಸುಪಾಸು ಹಿತಕಿದ ಅವರೆಬೇಳೆ ಸಾರಿನ ವಾಸನೆ ಹಬ್ಬಿದ ಬೀದಿಯಲ್ಲಿ ವ್ರತಿ ನಡೆದುಹೋಗಬಹುದೇ ಎಂಬ ಬಗ್ಗೆ ಶಾಸ್ತ್ರ ಮೌನವಾಗಿದೆ.

ಭೌಗೋಳಿಕವಾಗಿ ವ್ರತಕ್ಷೇತ್ರವನ್ನು ಐದು ವಲಯಗಳಾಗಿ ವಿಂಗಡಿಸಬಹುದು. ಮೊದಲನೆಯದು ಸಂಗ್ರಹವಲಯ, ಶಿವಾಜಿನಗರ: 1933ರಲ್ಲಿ ಉದ್ಘಾಟನೆಯಾದ ರಸೆಲ್ ಮಾರ್ಕೆಟ್ಟಿನಲ್ಲಿ ಮಾಂಸ, ಮೀನು, ತರಕಾರಿ, ಹಣ್ಣು ಒಂದೇ ಸುತ್ತಿಗೆ ಸಿಗುವುದರಿಂದ ನಿಯಮಾವಳಿಯನ್ನು ಇಲ್ಲೇ ಕೂತು ಬರೆದರೇನೋ ಎನಿಸುತ್ತದೆ. ಎರಡನೆಯದು ಘೋಷಣಾವಲಯ, ಇಂದಿರಾನಗರ: ನೂರಡಿ ರಸ್ತೆಯ ಎಡಬಲದಲ್ಲಿ ವ್ರತವನ್ನು ಪಾಲಿಸುವುದಕ್ಕಿಂತ ಪ್ರಕಟಿಸುವುದು ಮುಖ್ಯ. ಮೂರನೆಯದು ವಿಸರ್ಜನಾವಲಯ, ಕೆ.ಆರ್. ಪುರದ ದಾರಿಯ ಟಿನ್ ಫ್ಯಾಕ್ಟರಿ: ಸಂಜೆ ಏಳರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ತಾಯಿಗೆ ಫೋನಿನಲ್ಲಿ ಮಗು 'ಅಮ್ಮಾ, ಹಸಿವು' ಎಂದಾಗ ವ್ರತ ತಾನಾಗಿಯೇ ವಿಸರ್ಜನೆಗೊಳ್ಳುತ್ತದೆ. ನಾಲ್ಕು, ಐದನೆಯ ವಲಯಗಳ ಅಗತ್ಯ ಆಮೇಲೆ ಉಳಿಯುವುದಿಲ್ಲ.

ಇಲ್ಲಿಗೆ ಮುಖ್ಯ ಪ್ರಮೇಯಕ್ಕೆ ಬಂದಂತಾಯಿತು. ಈ ವ್ರತಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸಾಮಗ್ರಿ ಯಾವ ಪಟ್ಟಿಯಲ್ಲೂ ಇಲ್ಲ: ಅದು ಯಾರದೋ ಹೊತ್ತು. ಪೂರ್ವಸಿದ್ಧತೆಯ ಮೊದಲ ಸೂತ್ರ, ನಿಷಿದ್ಧವಾದದ್ದನ್ನೆಲ್ಲ ಮನೆಯಿಂದ ಹೊರಹಾಕು ಎನ್ನುತ್ತದೆ. ಹಲಸೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಿಂದ ಅಕ್ಕಿಮೂಟೆ, ರುಬ್ಬಿಟ್ಟ ದೋಸೆಹಿಟ್ಟು, ಅತ್ತೆಯ ಕಾಫಿಗೆ ತಂದ ಹಾಲು, ಮಗುವಿನ ರಾಗಿ ಹುರಿಹಿಟ್ಟು ಹೊರಹಾಕಿದರೆ ಉಳಿಯುವುದು ಗ್ಯಾಸ್ ಸ್ಟೌ ಮಾತ್ರ. ಹೊರಹಾಕದಿದ್ದರೆ ದಿನಕ್ಕೆ ಎರಡು ಅಡುಗೆ, ಮನೆಮಂದಿಗೊಂದು, ವ್ರತಿಗೊಂದು. ಸ್ಕೂಲ್ ವ್ಯಾನು ಹಾರ್ನ್ ಹೊಡೆಯುವುದರೊಳಗೆ ಒಂದು ಒಲೆಯಲ್ಲಿ ಡಬ್ಬಿಗೆ ಚಿತ್ರಾನ್ನ, ಇನ್ನೊಂದರಲ್ಲಿ ಮೊಟ್ಟೆಪಲ್ಯ.

ನಮ್ಮ ಅಜ್ಜಿಯರು ಏಕಾದಶಿಗೆ ಅನ್ನ ಬಿಡಲಿಲ್ಲವೇ, ಶಿವಾಜಿನಗರದಲ್ಲಿ ರಂಜಾನ್ ತಿಂಗಳಿಡೀ ಉಪವಾಸ ಮಾಡುವುದಿಲ್ಲವೇ ಎಂದು ಆಕ್ಷೇಪಿಸಬಹುದು. ಮಾಡುತ್ತಾರೆ. ಆದರೆ ಅಲ್ಲಿ ಮನೆಯೆಲ್ಲ, ಬೀದಿಯೆಲ್ಲ ಒಟ್ಟಿಗೆ ಹೊತ್ತು ಬದಲಿಸಿಕೊಳ್ಳುತ್ತದೆ. ಒಬ್ಬರು ಮಾತ್ರ ಬೇರೆ ತಟ್ಟೆ ಹಾಕಿಕೊಂಡು ಕೂರುವುದಿಲ್ಲ. (ಸಹರಿಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು, ಏಕಾದಶಿಯ ಫಲಾಹಾರಕ್ಕೆ ರವೆ ಹುರಿಯುವವರು ಯಾರು ಎಂದು ಕೇಳಬೇಡಿ, ಅದು ಬೇರೆಯೇ ಪ್ರಬಂಧ.) ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ನಾವು ಅನ್ನವನ್ನು ಅತಿಯಾಗಿ ತಿನ್ನುತ್ತೇವೆ. ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ, ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45ರೊಳಗಿರಲಿ ಎನ್ನುತ್ತದೆ. ಆದರೆ 45 ಎಂದರೆ ಸೊನ್ನೆಯಲ್ಲ. ಬೇಳೆಯನ್ನೂ ಹಾಲನ್ನೂ ಅದು ತಟ್ಟೆಯಿಂದ ಎತ್ತಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಮುದ್ದೆಯನ್ನೂ ಮಜ್ಜಿಗೆಯನ್ನೂ ಒಟ್ಟಿಗೆ ಬಿಟ್ಟ ಮನೆ ಅದನ್ನು ತುಂಬಿಕೊಳ್ಳಲು ದಿನಾ ಎಷ್ಟು ಸೊಪ್ಪು ಸೋಸಬೇಕು, ಯಾರು ಸೋಸಬೇಕು?

ಇಷ್ಟಕ್ಕೂ ಅನುಕೂಲಸ್ಥರ ಮನೆಗಳಲ್ಲಿ ಈ ವ್ರತ ಸಾಗುವುದಾದರೂ ಹೇಗೆ? ಹುರುಳಿಕಾಯಿಯ ನಾರು ತೆಗೆದು, ತೆಂಗಿನಹಾಲು ಹಿಂಡಿ, ಕೋಳಿ ತೊಳೆದು, ವಾರದ ಅಡುಗೆಯನ್ನು ಡಬ್ಬಿ ಡಬ್ಬಿಯಾಗಿ ಫ್ರಿಜ್ಜಿನಲ್ಲಿ ಜೋಡಿಸುವ ಹೆಂಗಸು ಕೆ.ಆರ್. ಪುರದ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತಾಳೆ. ಅವಳೂ ತಾಯಿಯೇ, ಅವಳಿಗೂ ಪುರಸೊತ್ತಿಲ್ಲ. 'ಬಿಡುವಿಲ್ಲದ ಪೋಷಕರಿಗೆ ಸಲಹೆಗಳು' ಬರೆಯುವವರ ಕಣ್ಣಿಗೆ ಮಾತ್ರ ಅವಳು ಬೀಳುವುದಿಲ್ಲ. ರೇಷನ್ ಅಕ್ಕಿಯನ್ನೇ ನೆಚ್ಚಿದ ಮನೆಯಲ್ಲಿ ಅನ್ನ ಬಿಟ್ಟು ತಿನ್ನುವುದೇನನ್ನು? ಅವಳ ಕೈಯಲ್ಲೇ ಬೇಯಿಸಿಕೊಂಡು, ಅಕ್ಕಿ ವಿಷ ಕಣಮ್ಮ ಎಂದು ಅವಳಿಗೇ ಉಪದೇಶ ಮಾಡುವುದನ್ನು ಯಾವ ತಾತ್ವಿಕ ಚೌಕಟ್ಟಿನಲ್ಲಿ ಕೂರಿಸಬೇಕೋ ತಿಳಿಯದು. ನಾಚಿಕೆಗೇಡು ಎಂಬ ಅಶಾಸ್ತ್ರೀಯ ಪದವೇ ಸಾಕು. ಆದ್ದರಿಂದ ನಿಷಿದ್ಧಗಳ ಪಟ್ಟಿಗೆ ಒಂದು ತಿದ್ದುಪಡಿ: 30 ದಿನ ಇನ್ನೊಬ್ಬರ ಕೈಯಡುಗೆ ಸಲ್ಲದು. ಅಮ್ಮ, ಅತ್ತೆ, ಹೆಂಡತಿ, ಕೆಲಸದಾಕೆ ಯಾರೂ ಸಹಾಯಕ್ಕೆ ಬರಕೂಡದು. ವ್ರತ ಹಿಡಿದವರೇ ಹೆಚ್ಚಬೇಕು, ಬೇಯಿಸಬೇಕು, ತಳ ಹಿಡಿದ ಬಾಣಲೆಯನ್ನೂ ತಾವೇ ಉಜ್ಜಬೇಕು. ಕೆಲಸದಾಕೆಗೆ ಆ ತಿಂಗಳು ಸಂಬಳ ಸಹಿತ ರಜೆ.