ದ್ವಿತೀಯ ಪಿಯುಸಿ ಗೃಹ್ಯಸೂತ್ರ: ಒಂದು ಲಘು ಭಾಷ್ಯ

ಮಗುವೊಂದು ಸೆಕೆಂಡ್ ಪಿಯುಸಿಗೆ ಕಾಲಿಟ್ಟ ಗಳಿಗೆಯಿಂದ ಮನೆಯೆಂಬುದು ಯಾಗಶಾಲೆಯಾಗುತ್ತದೆ. ಈ ಯಾಗಕ್ಕೆ ಯಜಮಾನರು ಅಪ್ಪ, ಋತ್ವಿಜರು ಟ್ಯೂಷನ್ ಮೇಷ್ಟರು, ಸದಸ್ಯರು ಎದುರುಮನೆಯವರು. ವಿದ್ಯಾರ್ಥಿಯ ಸ್ಥಾನ ಯಾವುದೆಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಹವಿಸ್ಸು ಎಂಬುದು ಬಹುಮತ.

ಮೊದಲು ಆಹಾರಪ್ರಕರಣ. ‘ಪ್ರಾತಃ ಬಾದಾಮಿ, ಮಧ್ಯಾಹ್ನ ಒಂದೆಲಗ’ ಎಂದು ಸೂತ್ರ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಫಲಿತಾಂಶದ ಪಟ್ಟಿಯ ತುದಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಒಂದೆಲಗದ ತಂಬುಳಿಯೇ ಕಾರಣವೆಂದು ಘಟ್ಟದ ಮೇಲಿನವರು ನಂಬುತ್ತಾರೆ. ಬಂಗುಡೆ ಪುಳಿಮುಂಚಿ ಎಂಬ ಪೂರ್ವಪಕ್ಷವೂ ಉಂಟು. ಅಲ್ಲಿಯ ಮೇಷ್ಟರು ಪಾಠ ಮಾಡುತ್ತಾರೆ ಎಂಬ ಮೂರನೆಯ ಮತವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ನಿದ್ರಾಪ್ರಕರಣ ಚಿಕ್ಕದು: ನಿದ್ರೆ ಇಲ್ಲ.

ಶಾಸ್ತ್ರದ ಜೀವಾಳವಿರುವುದು ದರ್ಶನಪ್ರಕರಣದಲ್ಲಿ. ಓದುವುದು ಗೌಣ, ಓದುತ್ತಿರುವುದು ಹಾಲ್‌ನಲ್ಲಿ ಕೂತವರ ಕಣ್ಣಿಗೆ ಬೀಳುವುದು ಪ್ರಧಾನ. ಆದ್ದರಿಂದ ಪುಸ್ತಕ ತೆರೆದಿರಬೇಕು, ಬಾಗಿಲೂ ತೆರೆದಿರಬೇಕು. ಮುಚ್ಚಿದ ಪುಸ್ತಕ ಮಹಾಪಾತಕ. ಇದಕ್ಕೆ ಉದಾಹರಣೆಯಾಗಿ ಭಾಷ್ಯಕಾರರು ಈ ಸಂವಾದವನ್ನು ಕೊಡುತ್ತಾರೆ:

‘ಏನೇ, ಪುಸ್ತಕ ಮುಚ್ಚಿಟ್ಟು ಗೋಡೆ ನೋಡ್ತಾ ಕೂತಿದೀಯ?’

‘ಓದಿದ್ದನ್ನ ನೆನಪು ಮಾಡ್ಕೋತಿದೀನಮ್ಮ.’

‘ಪುಸ್ತಕ ತೆಗೆದಿಟ್ಕೊಂಡು ನೆನಪು ಮಾಡ್ಕೋ.’

ಇಲ್ಲಿ ನಾಸ್ತಿಕರ ಒಂದು ಆಕ್ಷೇಪವನ್ನು ಪರಿಶೀಲಿಸಲೇಬೇಕು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಮತ್ತೆ ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಹಾಳೆ ಪಕ್ಕಕ್ಕಿಟ್ಟವರು ಮುಂದು. ಹಾಗಿದ್ದರೆ ಮುಚ್ಚಿದ ಪುಸ್ತಕವೇ ಮೇಲಲ್ಲವೇ ಎಂದು ಆಕ್ಷೇಪ.

ಸಮಾಧಾನ ಹೀಗೆ: ಬೋರ್ಡ್ ಪ್ರಶ್ನೆ ಕೇಳುವುದು ಎಷ್ಟೋ ತಿಂಗಳಾದ ಮೇಲೆ, ಅಪ್ಪ ಕೇಳುವುದು ಐದೇ ನಿಮಿಷಕ್ಕೆ. ಮನೆಯಲ್ಲಿ ಶಾಂತಿ ನೆಲೆಸಬೇಕಾದರೆ ಅಪ್ಪನ ಪರೀಕ್ಷೆಯೇ ಪ್ರಮಾಣ. ಆದ್ದರಿಂದ ಅಮೆರಿಕದವರ ಮತ ನಮ್ಮಲ್ಲಿ ಅಗ್ರಾಹ್ಯ.

ಇದೇ ನಾಸ್ತಿಕರು ಇನ್ನೊಂದು ಅಪಚಾರವನ್ನೂ ಬೋಧಿಸುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು, ಗಡಿಯಾರ ನೋಡಿ, ಮೂರು ಗಂಟೆ ಒಂದೇ ಕೂತಲ್ಲಿ ಉತ್ತರ ಬರೆಯಬೇಕಂತೆ. ಆ ಮೇಲೆ ತಪ್ಪಿದ್ದಷ್ಟನ್ನೇ ಮತ್ತೆ ಓದಬೇಕಂತೆ. ವಿದ್ಯಾರ್ಥಿಗೆ ಇದು ಸಾಧ್ಯವಿರಬಹುದು. ಮೂರು ಗಂಟೆ ಆ ಕೋಣೆಗೆ ಹಾಲು, ಹಣ್ಣು, ಹಿತವಚನ ಒಯ್ಯದೆ ಇರುವುದು ಗೃಹಸ್ಥರಿಂದ ಆಗದ ಮಾತು. ಇಪ್ಪತ್ತನೇ ನಿಮಿಷಕ್ಕೆ ‘ಹೇಗೆ ಬರ್ತಿದೆ?’ ಎಂದು ಇಣುಕದ ಅಪ್ಪ ಪುರಾಣಗಳಲ್ಲೂ ಇಲ್ಲ. ಅಲ್ಲದೆ ಮಾದರಿ ಪ್ರಶ್ನೆಪತ್ರಿಕೆಗಳನ್ನು ಮಂಡಳಿ ತನ್ನ ಜಾಲತಾಣದಲ್ಲಿ ಪುಕ್ಕಟೆ ಹಾಕುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಫಲವಿಲ್ಲ ಎಂಬುದು ಶಾಸ್ತ್ರಸಮ್ಮತ. ಅದನ್ನೇ ಅಚ್ಚು ಹಾಕಿದ ಗೈಡನ್ನು ದುಡ್ಡು ಕೊಟ್ಟು ತರುವುದು ಶಿಷ್ಟಾಚಾರ.

ಫೋನಿನ ವಿಚಾರ ಜಟಿಲ. ಫೋನ್ ಮುಟ್ಟಬಾರದು, ಆದರೆ ಲೆಕ್ಚರರ್ ನೋಟ್ಸ್ ಹಾಕುವುದು ವಾಟ್ಸಾಪ್ ಗುಂಪಿನಲ್ಲಿ. ಅಪ್ಪನ ಫೋನನ್ನೇ ಆ ಗುಂಪಿಗೆ ಸೇರಿಸುವುದು ಮಧ್ಯಮಮಾರ್ಗ. ಇದರಿಂದ ಗಾಸ್‌ನ ನಿಯಮದ ಟಿಪ್ಪಣಿ ನಡುರಾತ್ರಿ ಬೀಗರ ಗುಂಪಿಗೆ ಫಾರ್ವರ್ಡ್ ಆಗುವ ಸಂಭವವಿದೆ. ಬೀಗರು ಅದಕ್ಕೆ ಕೈಮುಗಿದ ಚಿತ್ರ ಹಾಕುತ್ತಾರೆ.

ಪ್ರವೇಶ ಪರೀಕ್ಷೆಗಳ ಪ್ರಕರಣದಲ್ಲಿ ಒಂದೇ ದೇಹಕ್ಕೆ ಎರಡು ಸ್ವಭಾವ ವಿಧಿಸಲಾಗಿದೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡ್. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ವೃತ್ತವನ್ನೂ ಖಾಲಿ ಬಿಡದವನು ಜಾಣ. ನೀಟ್‌ನಲ್ಲಿ ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಅಲ್ಲಿ ಗೊತ್ತಿಲ್ಲದ್ದನ್ನು ಬಿಟ್ಟು ಎದ್ದವನು ಜಾಣ. ಏಪ್ರಿಲ್‌ನಲ್ಲಿ ಜೂಜುಕೋರನಾಗಿದ್ದವನು ಮೇ ಹೊತ್ತಿಗೆ ಸಂನ್ಯಾಸಿಯಾಗಬೇಕು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕವೂ ಅರ್ಧಪಾಲು ಸೇರುತ್ತದೆಂಬುದನ್ನು ‘ಪಿಯುಸಿ ಬಿಡಿ ಸಾರ್, ಎಲ್ಲ ಸಿಇಟಿಯೇ’ ಎನ್ನುವ ಸೋದರಮಾವಪಂಥದವರು ಇಂದಿಗೂ ಒಪ್ಪುವುದಿಲ್ಲ. ಆ ಪಂಥದ ಆಚಾರ್ಯರು ಸ್ವತಃ ಯಾವ ಪರೀಕ್ಷೆ ಬರೆದಿದ್ದರೆಂದು ಕೇಳುವುದು ನಿಷಿದ್ಧ.

ಪರೀಕ್ಷೆಯ ದಿನ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿಗಳಿಗೆ ಬೀಗ. ಇದೆಲ್ಲ ನಕಲು ತಡೆಯಲು ಎಂಬುದು ಸರ್ಕಾರದ ವ್ಯಾಖ್ಯಾನ. ಗೇಟಿನವರೆಗೂ ‘ಇನ್ನೊಂದ್ಸಲ ಬೆಂಜೀನ್ ನೋಡ್ಕೋ’ ಎನ್ನುತ್ತ ಬರುವ ಪೋಷಕರನ್ನು ತಡೆಯಲು ಎಂಬುದು ನಮ್ಮದು. ಪತ್ರಿಕೆ ಮುಗಿಸಿ ಬಂದ ಮಗುವನ್ನು ಸ್ಕೂಟರ್ ಹತ್ತಿಸುವ ಮೊದಲೇ ಒಂದಂಕದ ಪ್ರಶ್ನೆಗಳ ಶವಪರೀಕ್ಷೆ ನಡೆಸುವುದು ವಿಹಿತ. ಆಗಷ್ಟೇ ನಾಳಿದ್ದಿನ ಗಣಿತಕ್ಕೆ ತಕ್ಕ ನಡುಕ ಹುಟ್ಟುತ್ತದೆ.

ಪುನರಾವರ್ತನೆಯ ಮಹತ್ವಕ್ಕೆ 2016 ದೊಡ್ಡ ದೃಷ್ಟಾಂತ. ಆ ವರ್ಷ ರಸಾಯನಶಾಸ್ತ್ರದ ಪತ್ರಿಕೆ ಸೋರಿತು. ಮಾರ್ಚ್ 31ಕ್ಕೆ ಮರುಪರೀಕ್ಷೆ ಎಂದರು, ಆ ಪತ್ರಿಕೆಯೂ ಸೋರಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಒಂದೇ ವಿಷಯವನ್ನು ಮೂರು ಮೂರು ಸಲ ಓದಿಸುವ ಹೊಣೆಯನ್ನು ವ್ಯವಸ್ಥೆಯೇ ಹೊತ್ತದ್ದು ಶಾಸ್ತ್ರದ ಚರಿತ್ರೆಯಲ್ಲಿ ಚಿನ್ನದ ಅಧ್ಯಾಯ. ಬೀದಿಗಿಳಿದು ಕೂಗಿದ ಮಕ್ಕಳಿಗೆ ಮಾತ್ರ ಅದು ಹಾಗೆ ಕಾಣಲಿಲ್ಲ.

2024ರಲ್ಲಿ ಹೊಸ ಸಂಕಟ ಬಂತು. ಒಂದೇ ವರ್ಷದಲ್ಲಿ ಮೂರು ಪರೀಕ್ಷೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು ಎಂದು ಮಂಡಳಿ ಸಾರಿತು. ಮಕ್ಕಳ ಭಯ ತಗ್ಗಲಿ ಎಂಬುದು ಉದ್ದೇಶ. ಗೃಹಸ್ಥರು ಮಾತ್ರ ಕ್ಯಾಲೆಂಡರ್ ನೋಡಿ ಕಂಗಾಲಾದರು. ಪರೀಕ್ಷೆ-1 ಮುಗಿದು ಪರೀಕ್ಷೆ-2 ಬರುವ ಮೊದಲು ಐಪಿಎಲ್ ಶುರುವಾಗುತ್ತದೆ. ಆ ನಡುವಿನ ದಿನಗಳಲ್ಲಿ ಟಿವಿ ಹಾಕಬಹುದೇ? ಹೀಗೊಂದು ಅವಸ್ಥೆಯನ್ನು ಸೂತ್ರಕಾರರು ಕಲ್ಪಿಸಿಯೇ ಇರಲಿಲ್ಲ. ಮ್ಯೂಟ್ ಮಾಡಿ ನೋಡಿದರೆ ದೋಷವಿಲ್ಲ, ಆರ್‌ಸಿಬಿ ಆಟವಿದ್ದ ದಿನ ಸಣ್ಣಗೆ ಸದ್ದು ಇಟ್ಟುಕೊಳ್ಳಬಹುದು ಎಂದು ಅಪ್ಪಂದಿರ ಭಾಷ್ಯ. ಅಮ್ಮಂದಿರ ಖಂಡನೆ ಅಡುಗೆಮನೆಯಿಂದ ಇನ್ನೂ ಕೇಳಿಬರುತ್ತಿರುವುದರಿಂದ ಅದನ್ನು ಇಲ್ಲಿ ಪೂರ್ತಿಯಾಗಿ ಕೊಡಲಾಗಿಲ್ಲ.